ದಾದಿಯ ಉಸಿರನ್ನು ದಾದಿ ಎಣಿಸಿದ್ದು

ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾ ಅವರ ತಾಯಿ. ಕನ್ನಡ ಪಾಠದಲ್ಲಿ ದಾದಿ ಎಂದರೆ ನರ್ಸ್. ಚಿಕ್ಕಂದಿನಿಂದ ನನಗೆ ಈ ಗೊಂದಲ ಇದೆ. ಅದಕ್ಕೇ ಇಲ್ಲಿ ನರ್ಸನ್ನು ಸಿಸ್ಟರ್ ಎಂದೇ ಬರೆಯುತ್ತೇನೆ.

ಕಳೆದ ಚಳಿಗಾಲದಲ್ಲಿ ದಾದಿಗೆ ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರಿಗೆ ಉರ್ದು ಬಿಟ್ಟರೆ ಬೇರೆ ಭಾಷೆ ಬಾರದು. ಸಿಸ್ಟರ್ ಕನ್ನಡದಲ್ಲಿ ಕೇಳುವುದು, ನಾನು ಉರ್ದುವಿನಲ್ಲಿ ಹೇಳುವುದು. "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗ್ತಾರೆ?" ಎಂದು ಕೇಳಿದರು. ಇದೆಂಥ ಪ್ರಶ್ನೆ ಎನಿಸಿತು. ದಾದಿ ಪಕ್ಕದಲ್ಲಿದ್ದ ಅಬ್ಬಾರನ್ನು ನೋಡಿ "ಏಕ್" ಎಂದರು. ಒಂದು ತಿಂಗಳಿಂದ ಅವರು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದುದು ಅದೇ ಕೋಣೆಯಲ್ಲಿ ಮಲಗುವ ನನಗೆ ಗೊತ್ತಿತ್ತು. ಅಬ್ಬಾಗೆ ಖರ್ಚು ಬರುತ್ತದೆ, ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದರು. ನಾನೂ "ಒಂದು" ಎಂದೆ.

ಸಿಸ್ಟರ್ ಏನೂ ಅನ್ನಲಿಲ್ಲ. ದಾದಿಯ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಹಾಳೆಯಲ್ಲಿ ಬರೆದರು: ಉಸಿರಾಟ 26.

ನರ್ಸಿಂಗ್ ಓದುತ್ತಿರುವ ನನ್ನ ಖಾಲಾ ಮಗಳು ಆಪಾ ಇದನ್ನು ನನಗೆ ಬಿಡಿಸಿ ಹೇಳಿದಳು. ಉಸಿರು ಒಳಗೆ ಹೋಗಿ ಹೊರಗೆ ಬಂದರೆ ಒಂದು ಎಣಿಕೆ. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಎಣಿಸುತ್ತೇನೆಂದು ಹೇಳಿದರೆ ನಮಗೆ ಗೊತ್ತಿಲ್ಲದೆಯೇ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೆ ನಾಡಿ ನೋಡಿದ ಮೇಲೂ ಕೈ ಬಿಡದೆ ಎದೆಯ ಏರಿಳಿತ ಎಣಿಸುತ್ತಾರೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದೇ ಎಂದೆ. ಒಂದು ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ ಎಂದಳು. ಕಾಮರ್ಸ್‌ನವಳಾದ ನಾನು ಸುಮ್ಮನಾದೆ.

ಎಣಿಕೆಯ ನಂತರದ ಪರೀಕ್ಷೆಗೆ ನಾಲ್ಕು ಹೆಜ್ಜೆ: ನೋಡು, ಮುಟ್ಟು, ತಟ್ಟು, ಆಲಿಸು. ನೋಡುವಾಗ ತುಟಿ ನೀಲಿಯಾಗಿದೆಯೇ, ಉಸಿರೆಳೆಯಲು ಕುತ್ತಿಗೆಯ ಸ್ನಾಯುಗಳೂ ದುಡಿಯುತ್ತಿವೆಯೇ ಎಂದು ಗಮನಿಸಬೇಕು. ಮುಟ್ಟಿದಾಗ ಎದೆಯ ಎರಡೂ ಬದಿ ಸಮನಾಗಿ ಹಿಗ್ಗಬೇಕು. ತಟ್ಟುವುದನ್ನು 1761ರಲ್ಲಿ ಪುಸ್ತಕವಾಗಿ ಬರೆದವರು ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗ್ಗರ್. ಅವರ ತಂದೆಯದು ವಸತಿಗೃಹ. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಅಲ್ಲಿ ನೋಡಿದ್ದರೆಂದು ಹೇಳುತ್ತಾರೆ. ಸ್ಟಾಕ್ ಲೆಕ್ಕದಿಂದಲೂ ವೈದ್ಯಶಾಸ್ತ್ರಕ್ಕೆ ಉಪಕಾರವಾಗಿದೆ! ಗಾಳಿ ತುಂಬಿದ ಶ್ವಾಸಕೋಶ ಟೊಳ್ಳಾಗಿ ಸದ್ದು ಮಾಡುತ್ತದೆ, ನೀರು ತುಂಬಿದ ಕಡೆ ಸದ್ದು ಮಂದ. ಕೊನೆಗೆ ಸ್ಟೆತಸ್ಕೋಪ್. ಬಾಯಿಂದ ಉಸಿರಾಡಲು ಹೇಳಿ, ಎಡಬಲಗಳನ್ನು ಹೋಲಿಸುತ್ತಾ ಕೇಳಬೇಕು. ಆಸ್ತಮಾದಲ್ಲಿ ಸಿಳ್ಳೆ, ನೀರು ನಿಂತಿದ್ದರೆ ಕಿವಿಯ ಬಳಿ ಕೂದಲು ಉಜ್ಜಿದಂಥ ಚರಚರ.

ಸ್ಟೆತಸ್ಕೋಪ್ ಹುಟ್ಟಿದ್ದೂ ಸಂಕೋಚದಿಂದ. 1816ರಲ್ಲಿ ಪ್ಯಾರಿಸ್‌ನ ವೈದ್ಯ ಲೆನೆಕ್ ಯುವತಿಯೊಬ್ಬಳ ಎದೆಗೆ ಕಿವಿಯಿಡುವುದು ಸರಿಯಲ್ಲವೆಂದು ಕಾಗದ ಸುರುಳಿ ಸುತ್ತಿ ಆಲಿಸಿದರು. ಸದ್ದು ಮೊದಲಿಗಿಂತ ಸ್ಪಷ್ಟವಾಗಿಯೇ ಕೇಳಿತು.

ನಮ್ಮ ಸಿಸ್ಟರ್ ಕೂಡ ಹಾಗೆಯೇ. ಅಬ್ಬಾರನ್ನು ಚೀಟಿ ಮಾಡಿಸಲು ಕಳಿಸಿ, ಪರದೆ ಎಳೆದು, "ಬೆನ್ನು ಮುಟ್ಟಿ ನೋಡಲಾ ಅಮ್ಮಾ?" ಎಂದು ಕೇಳಿದರು. ನಾನು ಅದನ್ನೂ ಉರ್ದುವಿನಲ್ಲಿ ಹೇಳಬೇಕಾಯಿತು. ದಾದಿ ತಲೆಯಾಡಿಸಿದರು. ಆಮೇಲೆ ಮತ್ತೆ ಅದೇ ದಿಂಬಿನ ಪ್ರಶ್ನೆ. ಈ ಸಲ ದಾದಿ ನಿಜ ಹೇಳಿದರು. "ಇದನ್ನು ಡಾಕ್ಟರಿಗೆ ಹೇಳಲೇಬೇಕು. ಮಗನಿಗೆ ಹೇಳುವುದು ನಿಮ್ಮಿಷ್ಟ" ಎಂದರು ಸಿಸ್ಟರ್. ಹೃದಯ ದುರ್ಬಲವಾದಾಗ ಮಲಗಿದರೆ ಕಾಲಿನ ಕಡೆಯ ರಕ್ತ ಎದೆಗೆ ಹೆಚ್ಚಾಗಿ ಮರಳಿ, ಶ್ವಾಸಕೋಶದಲ್ಲಿ ನೀರು ಸೇರಿ ಉಸಿರು ಕಟ್ಟುತ್ತದೆ. ದಾದಿಗೆ ಆಗಿದ್ದೂ ಅದೇ. ಮಾತ್ರೆ ಶುರುವಾಯಿತು.

ಹೇಳದೆ ಎಣಿಸಿದ್ದು ಮೋಸವಲ್ಲವೇ ಎಂದು ಆಪಾಳನ್ನು ಕೇಳಿದೆ. ಪರೀಕ್ಷೆಗೆ ಒಪ್ಪಿಗೆ ಪಡೆದಾಗಿತ್ತು, ಎಣಿಸುವ ಗಳಿಗೆಯನ್ನಷ್ಟೇ ಹೇಳಲಿಲ್ಲ ಎಂದಳು. "ನೀನು ಹೇಳಿದ ಒಂದು?" ಎಂದೂ ಕೇಳಿದಳು. ಅನುವಾದ ಸರಿಯಾಗಿಯೇ ಇತ್ತು. ಆದರೆ ಸಿಸ್ಟರನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತಂತೆ. ಹಾಗಾದರೆ ಕೊಟ್ಟ ಮಾತು? ಅದರ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಈಗ ವಾರಕ್ಕೆರಡು ಸಲ ನಾಡಿ ನೋಡುವ ನೆಪದಲ್ಲಿ ದಾದಿಯ ಕೈ ಹಿಡಿಯುತ್ತೇನೆ. ಶುಕ್ರವಾರ 19 ಇತ್ತು. ಕೈ ಬಿಡುವಾಗ ದಾದಿ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಲೆಕ್ಕ ಎಷ್ಟಾಯಿತು ಬೇಟಿ?"