ಸೂರ್ಯನೊಟ್ಟಿಗೆ ತಿರುಗುವ ಹಲಗೆ: ಮೋಟಾರ್ ಒಂದು ಸಾಕು!

ಗೇರು ಸಸಿಗಳಿಗೆ ನೀರೆತ್ತುವ ಸಣ್ಣ ಪಂಪಿಗೆ ಎರಡು ಸೋಲಾರ್ ಹಲಗೆ ಹಾಕಿದ್ದೆ. ಮಧ್ಯಾಹ್ನ ನೀರು ಜೋರು. ಮೂರು ಗಂಟೆ ಕಳೆಯಿತೋ, ನೂಲಿನ ಹಾಗೆ. ಹಲಗೆಯನ್ನೂ ಸೂರ್ಯನೊಟ್ಟಿಗೆ ತಿರುಗಿಸಿದರೆ ಹೇಗೆ ಅಂತ ಹೊರಟೆ.

ಮಾಡಿದ್ದು ಹೀಗೆ

ಮೂರಿಂಚಿನ ಕಬ್ಬಿಣದ ಪೈಪು ಕಾಂಕ್ರೀಟಿನಲ್ಲಿ ಹೂತೆ. ಅದರ ತಲೆಗೆ ಒಂದರ ಮೇಲೊಂದು ಅಡ್ಡಡ್ಡವಾಗಿ ಎರಡು ಶಾಫ್ಟು. ವೆಲ್ಡಿಂಗ್ ಆದದ್ದು ಬಂಟ್ವಾಳದಲ್ಲಿ. ಕೆಳಗಿನ ಶಾಫ್ಟು ಹಲಗೆಯನ್ನು ತೆಂಕು–ಬಡಗಿಗೆ ವಾಲಿಸುತ್ತದೆ, ಮೇಲಿನದ್ದು ಪೂರ್ವ–ಪಶ್ಚಿಮಕ್ಕೆ.

ಪೂರ್ವ–ಪಶ್ಚಿಮಕ್ಕೆ ಹಿಂದೆ ದೊಡ್ಡ ಡಿಶ್ ಆಂಟೆನಾ ತಿರುಗಿಸುತ್ತಿದ್ದ ಮೋಟಾರಿನ ಕೈ ಮೂಡುಬಿದಿರೆಯ ಗುಜರಿಯಲ್ಲಿ ಸಿಕ್ಕಿತು. ಅದು 36 ವೋಲ್ಟಿನದು. 24 ವೋಲ್ಟಿನಲ್ಲಿ ನಿಧಾನ ಓಡುತ್ತದೆ, ನಮಗೆ ಅದೇ ಒಳ್ಳೆಯದು. ತೆಂಕು–ಬಡಗಿಗೆ ಲಾರಿಯ ವೈಪರ್ ಮೋಟಾರ್, ಜೊತೆಗೆ ತ್ರೆಡ್ ಇರುವ ಸರಳು. ಕೆಲವು ವೈಪರ್ ಮೋಟಾರಿನ ಮೈಯೇ ಮೈನಸ್. ಹಿಂದೆ ಮುಂದೆ ತಿರುಗಿಸುವುದಾದರೆ ಅದು ಸ್ಟ್ಯಾಂಡಿಗೆ ತಾಗದಂತೆ ರಬ್ಬರ್ ಇಡಬೇಕು. ಎರಡೂ ತುದಿಯಲ್ಲಿ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ ಬೇಕೇ ಬೇಕು.

ಕಡ್ಡಿ ಹೇಳಿದ ಲೆಕ್ಕ

ಹಲಗೆಯ ಚೌಕಟ್ಟಿಗೆ ನೆಟ್ಟಗೆ 6 ಇಂಚಿನ ಕಡ್ಡಿ ನಿಲ್ಲಿಸಿ. ನೆರಳು ಬೀಳದಿದ್ದರೆ ಮುಖ ಸರಿ ಇದೆ. ನೆರಳು 1 ಇಂಚಾದರೆ 10 ಡಿಗ್ರಿ ತಪ್ಪು. ನೇರ ಬಿಸಿಲಿನ ನಷ್ಟ ನೂರಕ್ಕೆ 2 ಕೂಡ ಇಲ್ಲ. ಮೂರೂವರೆ ಇಂಚಾದರೆ 30 ಡಿಗ್ರಿ, ನಷ್ಟ 13. ತಪ್ಪು 60 ಡಿಗ್ರಿಯಾದರೆ ಅರ್ಧವೇ ಹೋಯಿತು.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅರ್ಧ ಗಂಟೆಗೊಮ್ಮೆ ಸ್ವಿಚ್ ಒತ್ತಿದರೆ ಧಾರಾಳ. ತೆಂಕು–ಬಡಗಿನ ಕತೆ ಬೇರೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲ ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲಿವೆ. ಮಧ್ಯಾಹ್ನದ ಸೂರ್ಯ ಡಿಸೆಂಬರಿನಲ್ಲಿ ನೆತ್ತಿಯಿಂದ ಸುಮಾರು 36 ಡಿಗ್ರಿ ತೆಂಕಿಗೆ, ಜೂನಿನಲ್ಲಿ 10 ಡಿಗ್ರಿ ಬಡಗಿಗೆ. ಇಷ್ಟು ದಾಟಲು ಆರು ತಿಂಗಳು! ದಿನಕ್ಕೆ ಅರ್ಧ ಡಿಗ್ರಿಯೂ ಇಲ್ಲ. ಇದಕ್ಕೆ ಮೋಟಾರ್ ಯಾಕೆ?

ಗಾಳಿ ಕಲಿಸಿದ್ದು

ಇದು ತಲೆಗೆ ಹೋಗುವ ಮೊದಲೇ ಪೆಟ್ಟು ಬಿತ್ತು. ಎಪ್ರಿಲ್‌ನ ಒಂದು ಸಂಜೆ ಹಲಗೆಯನ್ನು ಪಶ್ಚಿಮಕ್ಕೆ ಓರೆ ಮಾಡಿಯೇ ಬಿಟ್ಟು ಮನೆಗೆ ಬಂದಿದ್ದೆ. ಮಳೆಗೆ ಮುಂಚಿನ ಗಾಳಿ ಬೀಸಿತು. ವೈಪರ್ ಮೋಟಾರಿನ ಸರಳು ಬಗ್ಗಿತು, ಒಂದು ಹಲಗೆಯ ಗಾಜು ಹೋಯಿತು. ತಪ್ಪು ನನ್ನದೇ. ಈಗ ಕೆಲಸ ಮುಗಿದ ಕೂಡಲೇ ಹಲಗೆ ಮಲಗಿಸುತ್ತೇನೆ.

ವೈಪರ್ ಮೋಟಾರ್ ತೆಗೆದು, ಅಲ್ಲಿ ತೂತು ಕೊರೆದ ಪಟ್ಟಿ ಹಾಕಿದ್ದೇನೆ. ತಿಂಗಳಿಗೊಮ್ಮೆ ಬೋಲ್ಟ್ ಬದಲಿಸುವುದು, ಅಷ್ಟೆ. ಮಳೆಗಾಲದಲ್ಲಿ ಮೋಡದ ಬೆಳಕು ಎಲ್ಲ ದಿಕ್ಕಿನಿಂದ ಬರುವುದರಿಂದ ತಿರುಗಿಸಿ ಲಾಭವಿಲ್ಲ.

ನೀವೂ ಮಾಡುವುದಾದರೆ ಮೊದಲು ಕಡ್ಡಿ ಇಟ್ಟು ಒಂದು ದಿನ ನೆರಳು ಅಳೆಯಿರಿ. ಮೋಟಾರ್, ವೆಲ್ಡಿಂಗ್ ಖರ್ಚಿಗೆ ಇನ್ನೊಂದು ಹಲಗೆಯೇ ಬರುವುದಾದರೆ, ಅದನ್ನೇ ತನ್ನಿ.