ರತ್ನಗಂಬಳಿಯ ಜೋಡಣೆಗೆ ಬಿಸಿ ಅಂಟು

ಕಚೇರಿಗಳಲ್ಲಿಯೂ ಸಭಾಭವನಗಳಲ್ಲಿಯೂ ಗೋಡೆಯಿಂದ ಗೋಡೆಗೆ ಹಾಸಿರುವ ರತ್ನಗಂಬಳಿಯನ್ನು, ಅಂದರೆ ಕಾರ್ಪೆಟನ್ನು, ನಮ್ಮಲ್ಲಿ ಅನೇಕರು ದಿನವೂ ತುಳಿದು ನಡೆಯುತ್ತೇವೆ. ಕೆಲವರಿಗೆ ಅದನ್ನು ಹಾಸುವುದು, ದುರಸ್ತಿ ಮಾಡುವುದೇ ಹೊಟ್ಟೆಪಾಡು. ಅಗಲವಾದ ಕೋಣೆಗೆ ಒಂದೇ ತುಂಡು ಸಾಲದು. ಎರಡು ತುಂಡು ಸೇರಿದ ಕಡೆ ಜೋಡಣೆ ಬಂತು. ಜೋಡಣೆ ಬಂದ ಕಡೆ ಅದು ಬಿಚ್ಚುವ ಭಯವೂ ಬಂತು. ಎದ್ದ ಅಂಚಿಗೆ ಕಾಲು ಸಿಕ್ಕಿ ಚಹದ ತಟ್ಟೆ ಹಿಡಿದ ಜವಾನ ಮುಗ್ಗರಿಸಿದರೆ ಪೆಟ್ಟು ಅವನಿಗೆ, ಕೆಟ್ಟ ಹೆಸರು ಹಾಸಿದವನಿಗೆ. ಆದ್ದರಿಂದ ಜೋಡಣೆಯನ್ನು ಬಿಸಿ ಅಂಟಿನಿಂದ ಭದ್ರಪಡಿಸುವ ಕ್ರಮವನ್ನು ಈ ಪಾಠದಲ್ಲಿ ನೋಡೋಣ. ನಮ್ಮ ನಾಚಾರಂನಂಥ ಕೈಗಾರಿಕಾ ಪ್ರದೇಶದಲ್ಲಿ ಇದು ಕೈಗೆ ಬಂದರೆ ನಷ್ಟವಿಲ್ಲದ ವಿದ್ಯೆ.

ಬಿಸಿ ಅಂಟು ಎಂದರೇನು?

ಹೆಸರು ಹೊಸದು, ತತ್ತ್ವ ಹಳೆಯದು. ಅಂಚೆಯ ಪಾರ್ಸೆಲಿಗೆ ಅರಗಿನ ಮುದ್ರೆ ಒತ್ತಿದ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಗು ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸದವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಸ್ಥಾಪನೆಯಾಯಿತು. ಈಗಿನ ಬಿಸಿ ಅಂಟು ಹುಳುವಿನಿಂದ ಬಂದ ಅರಗಲ್ಲ. ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿಗೆ ರಾಳ, ಮೇಣಗಳನ್ನು ಬೆರೆಸಿದ್ದೇ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ನೀರಿಲ್ಲ, ಆರಿಹೋಗುವ ದ್ರಾವಕವೂ ಇಲ್ಲ. ತಣ್ಣಗಾಗುವುದೇ ಇದು ಒಣಗುವ ಬಗೆ. ಕಾಯಿಸಿದರೆ ಮತ್ತೆ ಮೆತ್ತಗಾಗುವುದು ಇದರ ಗುಣವೂ ಹೌದು, ದೋಷವೂ ಹೌದು.

ಅಂಚನ್ನು ಮುಚ್ಚುವುದೇಕೆ?

ಯಂತ್ರದಲ್ಲಿ ತಯಾರಾದ ಸಾಮಾನ್ಯ ಕಾರ್ಪೆಟಿನ ಎಳೆಗಳನ್ನು ನೇಯ್ದಿರುವುದಿಲ್ಲ. ಸೂಜಿಯಿಂದ ಒಂದು ತಳದ ಬಟ್ಟೆಗೆ ಚುಚ್ಚಿರುತ್ತಾರೆ. ಅವು ಕಳಚದಂತೆ ಹಿಂದೆ ರಬ್ಬರಿನಂಥ ಲೇಟೆಕ್ಸ್ ಬಳಿದು, ಅದರ ಮೇಲೆ ಎರಡನೆಯ ಬಟ್ಟೆಯನ್ನು ಅಂಟಿಸಿರುತ್ತಾರೆ. ಚಾಕು ಹಾಕಿ ಕತ್ತರಿಸಿದೊಡನೆ ಈ ಮೂರು ಪದರಗಳೂ ಅಂಚಿನಲ್ಲಿ ಬಯಲಾಗುತ್ತವೆ. ಒಂದು ಕುಚ್ಚು ಕಿತ್ತರೆ ಪಕ್ಕದ್ದು ಸಡಿಲವಾಗುತ್ತದೆ. ಕೆಲ ತಿಂಗಳಲ್ಲಿ ಸಾಲು ಸಾಲೇ ಬೋಳಾಗುತ್ತದೆ. ಅಡಿಯಲ್ಲಿ ಪಟ್ಟಿ ಅಂಟಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಪಟ್ಟಿ ಹಿಡಿಯುವುದು ತಳದ ಬಟ್ಟೆಯನ್ನು ಮಾತ್ರ, ಮೇಲಿನ ಎಳೆಯನ್ನಲ್ಲ. ಅಂಚು ಮುಚ್ಚದ ಜೋಡಣೆ ಅಂಚು ಕಟ್ಟದ ಸೀರೆಯಂತೆ. ಇಂದು ಚೆನ್ನ, ನಾಳೆ ಚಿಂದಿ. ಈ ಪಾಠದ ಸಾರವೆಲ್ಲ ಇಷ್ಟೇ.

ಕೆಲಸದ ಕ್ರಮ

ಮೊದಲು ಕೈಯಾಡಿಸಿ ಎಳೆ ವಾಲುವ ದಿಕ್ಕನ್ನು ನೋಡಬೇಕು. ಎರಡು ತುಂಡುಗಳಲ್ಲೂ ಅದು ಒಂದೇ ಕಡೆ ಇರತಕ್ಕದ್ದು. ಇಲ್ಲವಾದರೆ ಒಂದೇ ಬಣ್ಣ ಎರಡು ಬಣ್ಣವಾಗಿ ಕಾಣುತ್ತದೆ. ಆಮೇಲೆ ಎಳೆಗಳ ಸಾಲುಗಳ ನಡುವೆ, ಕುಚ್ಚು ಕತ್ತರಿಸದಂತೆ, ಹರಿತವಾದ ಚಾಕುವಿನಿಂದ ನೇರವಾಗಿ ಕೊಯ್ಯಬೇಕು.

ಎರಡನೆಯದಾಗಿ, ಗ್ಲೂ ಗನ್ನಿನಿಂದ ಕೊಯ್ದ ಅಂಚಿನ ತಳದ ಬಟ್ಟೆಯ ಮಟ್ಟಕ್ಕೆ ಸಣ್ಣ ದಾರದಷ್ಟು ಅಂಟನ್ನು ಹರಿಸಬೇಕು. ಅದು ಮೇಲಿನ ಎಳೆಗೆ ತಗಲಕೂಡದು. ದಪ್ಪವಾದರೆ ತುಂಡುಗಳು ಒಂದಕ್ಕೊಂದು ಕೂಡುವುದೇ ಇಲ್ಲ.

ಮೂರನೆಯದಾಗಿ, ಅಂಟು ಇರುವ ಜೋಡಣೆ ಪಟ್ಟಿಯನ್ನು, ಅಂಟಿನ ಮುಖ ಮೇಲೆ ಬರುವಂತೆ, ಸಂದಿಯ ಕೆಳಗೆ ಹಾಸಿ, ಅದಕ್ಕೆಂದೇ ಇರುವ ಇಸ್ತ್ರಿಪೆಟ್ಟಿಗೆಯನ್ನು ಪಟ್ಟಿಯ ಮೇಲೆ ನಿಧಾನವಾಗಿ ಸರಿಸಬೇಕು. ಪೆಟ್ಟಿಗೆ ಮುಂದೆ ಹೋದಂತೆ ಹಿಂದಿನಿಂದ ಅಂಚುಗಳನ್ನು ಕೂಡಿಸಿ ಕೈಯಿಂದ ಒತ್ತಿ, ಮರದ ಹಲಗೆಯನ್ನು ಭಾರವಾಗಿ ಇಡಬೇಕು. ಪೂರ್ತಿ ಆರುವವರೆಗೆ, ಅರ್ಧ ಗಂಟೆಯಾದರೂ, ಎಳೆಯುವುದಾಗಲಿ ತುಳಿಯುವುದಾಗಲಿ ಕೂಡದು.

ಶಾಖದ ಲೆಕ್ಕ

ಆತುರದಲ್ಲಿ ಶಾಖ ಏರಿಸಿದರೆ ಕೆಲಸ ಕೆಡುತ್ತದೆ. ಕಡಿಮೆ ಶಾಖದ ಗನ್ನು ಸುಮಾರು 120 ಡಿಗ್ರಿ, ಹೆಚ್ಚು ಶಾಖದ್ದು ಸುಮಾರು 190 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅನೇಕ ಕಾರ್ಪೆಟ್ಟುಗಳ ತಳದ ಬಟ್ಟೆ ಪಾಲಿಪ್ರೊಪಿಲೀನ್. ಅದು ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಹೆಚ್ಚು ಶಾಖದ ಗನ್ನಿನ ಮೂತಿಯನ್ನು ಒಂದೇ ಕಡೆ ಹಿಡಿದರೆ ಮುಚ್ಚಬೇಕಾದ ಬಟ್ಟೆಯೇ ಕರಗುತ್ತದೆ. ಒಂದು ಬಗೆಯ ನೈಲಾನು 220 ಡಿಗ್ರಿಯವರೆಗೆ ತಡೆಯುತ್ತದೆ; ಉಣ್ಣೆ ಕರಗುವುದಿಲ್ಲ, ಕರಕಾಗುತ್ತದೆ. ಯಾವುದಿದ್ದರೂ ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ ನೋಡುವುದು ಲೇಸು.

ತೂತಿಗೆ ತೇಪೆ

ಬೀಡಿಯ ಕಿಡಿಯಿಂದಲೋ ಇಸ್ತ್ರಿಯಿಂದಲೋ ಸುಟ್ಟ ಕಡೆ ಚೌಕವಾಗಿ ಕತ್ತರಿಸಿ ತೆಗೆಯಬೇಕು. ಉಳಿದ ತುಂಡಿನಿಂದ, ಅದಿಲ್ಲದಿದ್ದರೆ ಬೀರುವಿನ ಅಡಿಯಂಥ ಕಾಣದ ಮೂಲೆಯಿಂದ, ಅದೇ ಅಳತೆಯ ತೇಪೆಯನ್ನು ಎಳೆಯ ದಿಕ್ಕು ಹೊಂದುವಂತೆ ಕೊಯ್ದುಕೊಳ್ಳಬೇಕು. ತೂತಿನ ನಾಲ್ಕು ಅಂಚು, ತೇಪೆಯ ನಾಲ್ಕು ಅಂಚು, ಎಂಟನ್ನೂ ಮುಚ್ಚಿ ಅಡಿಗೆ ಪಟ್ಟಿ ಕೊಟ್ಟು ಕೂರಿಸಬೇಕು.

ಎಲ್ಲಿ ಸಲ್ಲದು?

ಊರಿಂದ ತಂದ ನವಲಗುಂದದ ಜಮಖಾನಕ್ಕೋ ಇಲ್ಲಿ ಕೊಂಡ ವಾರಂಗಲ್ಲಿನ ಜಮಖಾನಕ್ಕೋ ಈ ಅಂಟು ಹಾಕಬೇಡಿ. ಅವು ಹಾಸುಹೊಕ್ಕಾಗಿ ನೇಯ್ದ ಹತ್ತಿಯವು. ಮಡಿಸಿ ಒಗೆಯುವ ವಸ್ತು. ಅಂಟು ಅಲ್ಲಿ ಗಂಟಾಗಿ ನಿಂತು, ಮಡಿಸಿದ ಕಡೆ ಬಿರಿಯುತ್ತದೆ. ಅವಕ್ಕೆ ಸೂಜಿ ದಾರವೇ ಸರಿ. ಬೇಸಿಗೆಯ ಬಿಸಿಲು ನೇರವಾಗಿ ಬೀಳುವ ತಾರಸಿಗೂ ಬಿಸಿ ಅಂಟು ತಕ್ಕದ್ದಲ್ಲ.

ಕೈ ಜೋಪಾನ

ಕರಗಿದ ಅಂಟು ಚರ್ಮಕ್ಕೆ ಬಿದ್ದರೆ ಬಿಸಿನೀರಿನಂತೆ ಹರಿದುಹೋಗದೆ, ಅಲ್ಲೇ ಅಂಟಿ ಸುಡುತ್ತಲೇ ಇರುತ್ತದೆ. ಅದನ್ನು ಕೀಳಬಾರದು, ಕಿತ್ತರೆ ಚರ್ಮವೂ ಬರುತ್ತದೆ. ಕೂಡಲೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಹಲ್ಲಿನ ಪೇಸ್ಟು, ಎಣ್ಣೆ ಬೇಡ. ಗಾಯ ದೊಡ್ಡದಾದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ವಿಮಾ ಚೀಟಿಯುಳ್ಳ ಕಾರ್ಮಿಕರಿಗೆ ನಾಚಾರಂನಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಕೆಲಸದ ನಡುವೆ ಎದ್ದುಹೋಗುವಾಗ ಗನ್ನಿನ ಪ್ಲಗ್ಗನ್ನು ಕಿತ್ತಿಟ್ಟು ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಕೆಲಸ ಒಪ್ಪಿಸುವ ಮೊದಲು ಬರಿಗಾಲಲ್ಲಿ ಜೋಡಣೆಯ ಮೇಲೆ ಎರಡು ಸಲ ನಡೆದು ನೋಡಿ. ಕಣ್ಣಿಗೆ ಕಾಣದ ಏರುತಗ್ಗು ಪಾದಕ್ಕೆ ತಿಳಿಯುತ್ತದೆ.