ಯಕೃತ್ತಿನ ಕಾಯಿಲೆಯಲ್ಲಿ ರಕ್ತದ ಕಾಳಜಿ

ಮನೆಯಲ್ಲಿ ಒಬ್ಬರಿಗೆ ಯಕೃತ್ತಿನ ಕಾಯಿಲೆ ಇದೆ, ರಕ್ತವೂ ಕಡಿಮೆಯಾಗಿದೆ ಎಂದು ವೈದ್ಯರು ಹೇಳಿದೊಡನೆ ನಾವು ಔಷಧಿ ಅಂಗಡಿಗೆ ಹೋಗಿ ಕಬ್ಬಿಣಾಂಶದ ಟಾನಿಕ್ ತರುತ್ತೇವೆ. ಸ್ವಲ್ಪ ತಾಳಿ. ರಕ್ತ ಏಕೆ ಕಡಿಮೆಯಾಯಿತು ಎಂಬುದು ಮೊದಲು ತಿಳಿಯಬೇಕು.

ಆರೋಗ್ಯವಂತರಲ್ಲಿ ಒಂದು ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಗುಲ್ಮ ದೊಡ್ಡದಾಗಿ ಈ ಕಣಗಳನ್ನು ಬೇಗ ನಾಶಮಾಡುತ್ತದೆ. ಜೊತೆಗೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ, ಕಣದ ಪೊರೆಯೂ ಆಮ್ಲಜನಕದ ಉಗ್ರ ರೂಪಗಳಿಂದ ಕೆಡುತ್ತದೆ. ಈ ತುಕ್ಕನ್ನು ತಡೆಯುವ ಅಂಶಗಳೇ ಆಂಟಿಆಕ್ಸಿಡೆಂಟ್‌ಗಳು.

ಇವುಗಳಿಗಾಗಿ ಪೇಟೆಯ ಡಬ್ಬಿ ಬೇಕಿಲ್ಲ. ಹುಲಗೂರು, ಶಿಗ್ಗಾಂವಿ, ಸವಣೂರು ಕಡೆಯ ಊಟದಲ್ಲೇ ಇವೆ: ಜೋಳದ ರೊಟ್ಟಿಯ ಜೊತೆಗಿನ ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪಿನ ಪಲ್ಯ, ಪೇರಲಹಣ್ಣು, ನೆಲ್ಲಿಕಾಯಿ. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವೂ ಇದೇ ಜಾತಿಯದು. ಆದರೆ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪಿನಕಾಯಿ, ಹಪ್ಪಳ ಬೇಡ. ಬೂಸ್ಟು ಹಿಡಿದ ಶೇಂಗಾ, ಗೋವಿನಜೋಳ ಯಾರಿಗೂ ಬೇಡ. ಆ ಬೂಸ್ಟಿನ ವಿಷ ನೇರವಾಗಿ ಯಕೃತ್ತಿಗೇ ತಾಗುತ್ತದೆ.

ತಟ್ಟೆಯಲ್ಲಿ ಒಳ್ಳೆಯದಾದದ್ದು ಮಾತ್ರೆಯಲ್ಲೂ ಒಳ್ಳೆಯದೇ ಎಂದು ತಿಳಿಯಬೇಡಿ. ಕೊಬ್ಬಿನ ಯಕೃತ್ತಿನ ಕೆಲವು ರೋಗಿಗಳಿಗೆ ಇ ಜೀವಸತ್ವದಿಂದ ಗುಣ ಕಂಡದ್ದು 2010ರಲ್ಲಿ ಪ್ರಕಟವಾಯಿತು, ನಿಜ. ಆದರೆ ಹೆಚ್ಚಾದರೆ ಅದೇ ರಕ್ತಸ್ರಾವಕ್ಕೆ ದಾರಿ. ಗ್ರೀನ್ ಟೀ ಸಾರದ ಗುಳಿಗೆಗಳಿಂದ ಯಕೃತ್ತು ಕೆಟ್ಟವರಿದ್ದಾರೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ತೀರಾ ಹೆಚ್ಚು.

ಇನ್ನೊಂದು ಹಳೆಯ ಪದ್ಧತಿ: ರೋಗಿಗೆ ಬರೀ ಗಂಜಿ. ಸಿರೋಸಿಸ್ ಇದ್ದವರಿಗೆ ಬೇಳೆ, ಮೊಳಕೆಕಾಳು, ಮೊಸರು ಬೇಕೇ ಬೇಕು. ಮಲಗುವ ಮುಂಚೆ ಸ್ವಲ್ಪ ತಿನ್ನುವುದೂ ಲೇಸು. ತಪಸ್ಸುಕಾಲದಲ್ಲೂ ಅವರು ಹಸಿದಿರಬಾರದು. ಉಪವಾಸದ ಕಟ್ಟಳೆಯಿಂದ ಧರ್ಮಸಭೆ ರೋಗಿಗಳಿಗೆ ವಿನಾಯಿತಿ ಕೊಟ್ಟಿದೆ. ಮನೆಯ ಹಿರಿಯರು ಒಪ್ಪದಿದ್ದರೆ ಗುರುಗಳಿಂದಲೇ ಹೇಳಿಸಿ.

ಈಗ ಟಾನಿಕ್ಕಿನ ಮಾತು. ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯಬಹುದು. ಆಗ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುವುದರಿಂದ ಮನೆಯವರು ಮೋಸಹೋಗುತ್ತಾರೆ. ಕೆಲವರ ಯಕೃತ್ತಿನಲ್ಲಿ ಕಬ್ಬಿಣ ಮೊದಲೇ ಹೆಚ್ಚಾಗಿರುವುದೂ ಉಂಟು. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಬರೆದರೆ ಮಾತ್ರ ಕೊಡಿ. ಮಲ ಜಿಗುಟಾಗಿ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.